ಸಾಹೇಬರ ಊಟ

ಅಯ್ಯೋ, ಅಲ್ಲಮ್ಮಾ ಅಲ್ಲ... ನೀರು ಮೊದಲು! ನೀರು ಮೊದಲು, ಪುಡಿ ಆಮೇಲೆ. ಪುಡಿ ಹಾಕಿ ಮೇಲಿಂದ ನೀರು ಸುರಿದ್ರೆ ಅಳತೆ ತಪ್ಪತ್ತೆ, ಹಾಲು ಗಟ್ಟಿಯಾಗತ್ತೆ, ಮಗು ಹೊಟ್ಟೆ ಕಲ್ಲಾಗತ್ತೆ. ಚೆಲ್ಲಿ ಅದನ್ನ. ಚೆಲ್ಲಿ ಚೆಲ್ಲಿ, ಸಂಕೋಚ ಬೇಡ, ಇನ್ನೊಂದು ಸಲ ಮಾಡೋಣ. ಅಯ್ಯೋ, ಕೈ ನಡುಗ್ತಿದೆಯಲ್ಲಾ ನಿಮ್ಮದು! ಗಂಡ ಹೆಂಡ್ತಿ ಇಬ್ರೂ ಸೇರಿ ಹೊಲಿಗೆ ಅಂಗಡಿ ನಡೆಸ್ತೀರಂತೆ. ಕತ್ತರಿ ಹಿಡಿದು ಹೊಸ ಬಟ್ಟೆಗೆ ಇಳಿಸುವಾಗ ನಡುಗದ ಕೈ, ಒಂದು ಬಾಟ್ಲಿ ಹಿಡಿಯೋಕೆ ನಡುಗತ್ತಾ?... ನಡುಗಲಿ ಬಿಡಿ. ಒಳ್ಳೇದೇ. ನಡುಗದೇ ಇರೋರನ್ನ ಕಂಡ್ರೇನೇ ನನಗೆ ಭಯ.

ನಿಮ್ಮ ಯಜಮಾನರು ಬರೋದು ತಡ ಆಗತ್ತಮ್ಮಾ, ಬಾಗಿಲ ಕಡೆ ನೋಡಬೇಡಿ. ನಮ್ಮ ದೊಡ್ಡಮ್ಮನ ಆಫೀಸ್ ರೂಮಿಗೆ ಹೋದೋರು ಬೇಗ ಬಂದದ್ದು ನಾನು ಕಂಡಿಲ್ಲ. ಈ ಮನೆ ಪೂರ್ತಿ ಅವರದೇ ಜವಾಬ್ದಾರಿ ನೋಡಿ, ಒಂದೊಂದು ಸಹಿಗೂ ಒಂದೊಂದು ಪುರಾಣ ಹೇಳ್ತಾರೆ. ಅಷ್ಟರಲ್ಲಿ ನಾನು ನಿಮ್ಮನ್ನ ತಯಾರು ಮಾಡಿಬಿಡ್ತೀನಿ. ಅದೇ ನನ್ನ ಕೆಲಸ. ಹೆತ್ತೋರು ಬಿಟ್ಟು ಹೋದ ಕೂಸುಗಳಿಗೆ ಹಾಲು ಕುಡಿಸೋದು, ಕರ್ಕೊಂಡು ಹೋಗೋಕೆ ಬಂದೋರಿಗೆ ಕುಡಿಸೋದು ಹೇಗೆ ಅಂತ ಕಲಿಸೋದು. ಇಲ್ಲಿ ಎಲ್ಲರೂ ನನ್ನ 'ಬಾಟ್ಲಿ ಅಜ್ಜಿ' ಅಂತಲೇ ಕರೆಯೋದು. ಹೊಸಬರು ಕೇಳಿದ್ರೆ ಮುದುಕಿ ಎಲ್ಲೋ ಕುಡಿಯೋಳಿರಬೇಕು ಅನ್ಕೋಬೇಕು... ಯಾಕೆ ನಗ್ತೀರಾ? ನಗಿ ನಗಿ. ನಗು ಬಂದ್ರೆ ಕೈ ನಡುಕ ನಿಲ್ಲತ್ತೆ. ನೋಡಿ, ನಿಂತೇಬಿಡ್ತು!

ಹಾಂ, ಈಗ. ಕೈ ತೊಳೆದಾಯ್ತಲ್ಲ? ಸೋಪು ಹಾಕಿ, ಉಗುರಿನ ಸಂದಿ ಬಿಡದ ಹಾಗೆ. ಬಾಟ್ಲಿ, ನಿಪ್ಪಲ್ಲು, ಮುಚ್ಚಳ ಎಲ್ಲ ಬಿಡಿಬಿಡಿ ಮಾಡಿ ಬ್ರಷ್ಷಲ್ಲಿ ಉಜ್ಜಿ, ಆಮೇಲೆ ಪಾತ್ರೇಲಿ ಮುಳುಗೋ ಅಷ್ಟು ನೀರು ಹಾಕಿ ಕುದಿಸಬೇಕು. ನೀರು ಕುದಿ ಬರೋದು ಬೇರೆ, ಕುದಿಯೋದು ಬೇರೆ. ಎರಡು ಗುಳ್ಳೆ ಎದ್ದ ತಕ್ಷಣ ಒಲೆ ಆರಿಸಿ 'ಆಯ್ತಜ್ಜಿ' ಅನ್ನೋ ಹುಡುಗೀರನ್ನ ಎಷ್ಟು ಬೈದಿದ್ದೀನೋ! ಕುಡಿಸೋ ಹಾಲಿಗೂ ಕುದಿಸಿದ ನೀರೇ. ಪುಡಿ ಹಾಕೋವಾಗ ಅದು ಇನ್ನೂ ಬಿಸಿಯಾಗಿರಬೇಕು, ಕಲಸಿದ ಮೇಲೆ ಬಾಟ್ಲಿನ ತಣ್ಣೀರಲ್ಲಿ ಹಿಡಿದು ಆರಿಸಬೇಕು. ಚಮಚದ ಮೇಲೆ ಗುಡ್ಡ ಬೇಡ. ಚಾಕು ಬೆನ್ನಲ್ಲಿ ಹೀಗೆ ಸವರಿಬಿಡಿ. ಪ್ರೀತಿ ಜಾಸ್ತಿ ಅಂತ ಪುಡಿ ಜಾಸ್ತಿ ಹಾಕೋರಿದ್ದಾರೆ, ಡಬ್ಬಿ ಬೇಗ ಮುಗಿಯತ್ತೆ ಅಂತ ಕಮ್ಮಿ ಹಾಕೋರೂ ಇದ್ದಾರೆ. ಎರಡೂ ತಪ್ಪೇ. ಹೀಗೆ ಅಂಗೈ ಮಧ್ಯೆ ಉರುಳಿಸಿ. ಕುಲುಕಬೇಡಿ! ಕುಲುಕಿದ್ರೆ ನೊರೆ, ನೊರೆ ಅಂದ್ರೆ ಗಾಳಿ, ಗಾಳಿ ಅಂದ್ರೆ ಊರಿಗೆಲ್ಲ ಕೇಳೋ ಹಾಗೆ ಅಳು. ಈಗ ಮಣಿಕಟ್ಟಿನ ಮೇಲೆ ಒಂದೆರಡು ಹನಿ ಬಿಟ್ಕೊಳ್ಳಿ. ಸುಡ್ತಾ? ತಣ್ಣಗಾ? ಏನೂ ಗೊತ್ತಾಗ್ತಿಲ್ವಾ? ಅದೇ, ಅದೇ ಸರಿ! ಗೊತ್ತಾಗಬಾರದು.

ಎಲ್ಲಿಗೆ ಹೊರಟ್ರಿ? ಕಿಟಕಿ ಹತ್ರ ಬೇಡಮ್ಮಾ, ಗಾಳಿ ಹೊಡೆಯತ್ತೆ. ಈ ಮೂಲೆ ಕುರ್ಚಿ ನಾನು ನಿಮಗೆ ಅಂತಲೇ ಹಾಕಿಟ್ಟಿದ್ದು. ಬನ್ನಿ, ಕೂತ್ಕೊಳ್ಳಿ. ಬೆನ್ನು ಹಿಂದಕ್ಕೆ ಕೊಡಿ, ಮೊಣಕೈ ಕೆಳಗೆ ಈ ದಿಂಬು... ಹಾಂ. ಈಗ ತಗೊಳ್ಳಿ ನಿಮ್ಮ ಮಗನ್ನ.

...

ಅಳಬೇಡಿ. ಅಳಬಾರದಮ್ಮಾ ಶುಭ ಕಾಲದಲ್ಲಿ. ಹಗುರ ಅನ್ನಿಸ್ತಾ? ಹಗುರಾನೇ, ಹಗುರಾನೇ. ಇಲ್ಲಿಯ ಕೂಸುಗಳೆಲ್ಲ ಹಾಗೇ. ಒಂದು ಮಡಿಲಲ್ಲಿ ಬೆಳೆಯೋ ಕೂಸಿಗೂ ಸಾಲು ತೊಟ್ಟಿಲಲ್ಲಿ ಬೆಳೆಯೋ ಕೂಸಿಗೂ ವ್ಯತ್ಯಾಸ ಇರಲ್ವಾ? ಆ ಕೆಂಪು ಟೋಪಿ, ಕೆಂಪು ಸ್ವೆಟರ್ ಎರಡೂ ನಾನೇ ಹೆಣೆದದ್ದು. ಕೆಂಪು ಇವನಿಗೆ ತುಂಬ ಒಪ್ಪತ್ತೆ. ಮುಖಕ್ಕೆ ಕಳೆ ಬರತ್ತೆ.

ತಲೆ ಎತ್ತರಕ್ಕಿರಲಿ. ಪೂರ್ತಿ ಮಲಗಿಸಿ ಕುಡಿಸಬಾರದು, ಕಿವಿಗೆ ಹೋಗತ್ತೆ, ನೆತ್ತಿಗೆ ಹತ್ತತ್ತೆ. ತುಟಿ ಅಂಚಿಗೆ ನಿಪ್ಪಲ್ಲು ತಾಗಿಸಿ, ಅಷ್ಟೇ. ನೀವು ತುರುಕಬಾರದು, ಅವನೇ ಬಾಯಿ ತೆಗೀಬೇಕು. ನೋಡಿ, ನೋಡಿ, ತೆಗೆದ! ಹಿಡ್ಕೊಂಡ! ನಿಪ್ಪಲ್ಲಲ್ಲಿ ಹಾಲು ತುಂಬಿರೋ ಹಾಗೆ ಬಾಟ್ಲಿ ಸ್ವಲ್ಪ ಎತ್ತಿ. ಅಷ್ಟು ಸಾಕು. ಕಣ್ಣು ನೋಡಿ ಅವನ ಕಣ್ಣು, ನಿಮ್ಮನ್ನ ಹೇಗೆ ನೋಡ್ತಿದ್ದಾನೆ... ಯಾರಪ್ಪಾ ಇವಳು ಹೊಸಬಳು, ಆ ಸುಕ್ಕು ಮುಖದೋಳು ಎಲ್ಲಿ ಹೋದ್ಲು ಅಂತ.

ಹಾಂ, ಈಗ ನಿಲ್ಲಿಸಿ. ತೆಗೀರಿ ಬಾಟ್ಲಿ. ಇಲ್ಲ ಇಲ್ಲ, ಸಾಕಾಗಿಲ್ಲ, ಸುಸ್ತಾ... ಅಂದ್ರೆ, ಸ್ವಲ್ಪ ವಿರಾಮ. ಇವನ ಕ್ರಮವೇ ಹಾಗೆ. ನಾಲ್ಕು ಗುಟುಕು, ಒಂದು ವಿರಾಮ, ಮತ್ತೆ ನಾಲ್ಕು ಗುಟುಕು. ಅದಕ್ಕೇ ನಾವೆಲ್ಲ ಇವನಿಗೆ 'ಸಾಹೇಬ್ರು' ಅಂತ ಹೆಸರಿಟ್ಟಿರೋದು! ದೊಡ್ಡ ಆಫೀಸಿನ ಸಾಹೇಬ್ರು ಊಟಕ್ಕೆ ಕೂತ ಹಾಗೆ. ಒಂದು ತುತ್ತು, ಆಮೇಲೆ ಮೇಲೆ ನೋಡೋದು, ಕೆಳಗೆ ನೋಡೋದು, ಹಣೆ ಬೆವರು ಒರೆಸ್ಕೊಳ್ಳೋದು, 'ಏನ್ರೀ, ಆ ಫೈಲು ಏನಾಯ್ತು?' ಅಂತ ಕೇಳೋದು... ಉಳಿದ ಕೂಸುಗಳು ಕುಡಿದು ತೇಗಿ ಮಲಗಿಬಿಟ್ಟಿರ್ತವೆ, ನಮ್ಮ ಸಾಹೇಬ್ರದು ಇನ್ನೂ ಅರ್ಧ ಬಾಟ್ಲಿ. ಅದಕ್ಕೇ ನಾನು ಒಂದೇ ಸಲ ಪೂರ್ತಿ ಕೊಡಲ್ಲ. ಸ್ವಲ್ಪ ಸ್ವಲ್ಪ, ಆಗಾಗ. ನಿಪ್ಪಲ್ಲೂ ಸಣ್ಣ ತೂತಿನದೇ ತಗೊಳ್ಳಿ. ಅಂಗಡಿಯೋನು ವಯಸ್ಸು ಕೇಳಿ ದೊಡ್ಡ ತೂತಿನದು ಕೊಡೋಕೆ ಬರ್ತಾನೆ, ಬೇಡ ಅನ್ನಿ.

ಬೆವರಾ? ಅದು... ಒರೆಸಿ, ಆ ಬಟ್ಟೇಲಿ ಮೆತ್ತಗೆ ಒರೆಸಿಬಿಡಿ. ಫ್ಯಾನ್ ಕೆಳಗೆ ಕೂತೂ ಬೆವರ್ತಾನೆ ಅಂದ್ರೆ... ಅಮ್ಮಾ, ಊಟಕ್ಕೆ ಕೂತ್ರೆ ಬೆವರೋ ಗಂಡಸರನ್ನ ನೀವು ನೋಡೇ ಇಲ್ವಾ? ನಮ್ಮೆಜಮಾನ ಇದ್ದನಲ್ಲ, ದೇವರ ಪಾದ ಸೇರಿದ, ಒಂದು ತಟ್ಟೆ ಅನ್ನ ಉಣ್ಣೋ ಅಷ್ಟರಲ್ಲಿ ಒಂದು ಎಕರೆ ಉತ್ತ ಹಾಗೆ ಬೆವರಿರೋನು. ಹೆಗಲ ಮೇಲೆ ಟವೆಲ್ ಇಲ್ದೆ ಎಲೆ ಮುಂದೆ ಕೂರ್ತಿರಲಿಲ್ಲ. ಉಣ್ಣೋದೂ ಒಂದು ದುಡಿಮೆ ಕಣೇ ಅಂತಿದ್ದ. ಕೆಲವರ ಮೈ ಹಾಗೇ. ಸ್ವೆಟರ್ ಬೇರೆ ಹಾಕಿದೆಯಲ್ಲ.

ಮತ್ತೆ ಬಾಟ್ಲಿ ಕೊಡೋಕೆ ಹೊರಟ್ರಾ? ಇಲ್ಲ, ಈಗ ಕೊಡಬೇಡಿ, ಭುಜಕ್ಕೆ ಹಾಕ್ಕೊಂಡು ಮೊದಲು ತೇಗಿಸಿ. ಬೆನ್ನು ಸವರಿ, ಕೆಳಗಿಂದ ಮೇಲಕ್ಕೆ. ತಟ್ಟೋದಾದ್ರೆ ಅಂಗೈ ಬಟ್ಟಲು ಮಾಡ್ಕೊಂಡು ತಟ್ಟಿ. ಬಂತಾ? ಬಂತು! ಭೇಷ್. ಕಲಿತುಬಿಟ್ರಿ ನೋಡಿ. ನಾಲ್ಕು ಹೆತ್ತೋರಿಗೂ ಇಷ್ಟು ಬೇಗ ಬರಲ್ಲ.

ಒಂದು ಮಾತು ಹೇಳ್ತೀನಿ ಕೇಳಿ. ಎಷ್ಟೇ ಕೆಲಸ ಇರಲಿ, ಅಂಗಡೀಲಿ ಗಿರಾಕಿ ಬಂದು ತಲೆ ಮೇಲೆ ಕೂತಿರಲಿ, ಬಾಟ್ಲಿನ ದಿಂಬಿಗೆ ಒರಗಿಸಿ ಕೂಸಿನ ಬಾಯಿಗಿಟ್ಟು ಎದ್ದು ಹೋಗಬೇಡಿ. ಉಸಿರುಗಟ್ಟತ್ತೆ. ಅದೊಂದೇ ಅಲ್ಲ... ಇಲ್ಲಿ ನಾವು ಹಾಗೇ ಮಾಡೋದಮ್ಮಾ. ಸುಳ್ಳು ಯಾಕೆ? ತೊಟ್ಟಿಲು ಜಾಸ್ತಿ, ಕೈ ಕಮ್ಮಿ. ಒಂದಕ್ಕೆ ಕುಡಿಸ್ತಾ ಇನ್ನೊಂದರ ಬಾಟ್ಲಿ ದಿಂಬಿಗೆ ಒರಗಿಸಿ, ಕಣ್ಣಲ್ಲೇ ಕಾಯ್ತೀವಿ. ಆ ಕೂಸು ಸೂರು ನೋಡ್ಕೊಂಡು ಕುಡಿಯತ್ತೆ. ಮುಖ ಅಂತ ಒಂದು ಮೇಲಿರಬೇಕು ಅನ್ನೋದೇ ಅದಕ್ಕೆ ಗೊತ್ತಿಲ್ಲ. ಕೆಲವು ಎಷ್ಟು ಅಭ್ಯಾಸ ಮಾಡ್ಕೊಂಡುಬಿಟ್ಟಿರ್ತವೆ ಅಂದ್ರೆ, ಎತ್ಕೊಂಡ್ರೆ ಗಾಬರಿಯಾಗಿ ಕುಡಿಯೋದೇ ಬಿಡ್ತವೆ... ಇವನನ್ನ ಮಾತ್ರ ನಾನು ಹಾಗೆ ಬಿಟ್ಟಿಲ್ಲ. ಇವನದು ನಿಧಾನ ನೋಡಿ. ಮಡಿಲಲ್ಲಿಟ್ಕೊಂಡೇ ಕುಡಿಸಬೇಕು. ಉಳಿದ ಆಯಾಗಳು 'ಅಜ್ಜಿಗೆ ಸಾಹೇಬ್ರ ಸೇವೆ ಒಂದೇ ಕೆಲಸ' ಅಂತ ಗೊಣಗ್ತಾರೆ. ಗೊಣಗಲಿ.

ಏನದು ಚೀಲದಲ್ಲಿ? ಅಂಗಿ! ನೀವೇ ಹೊಲಿದದ್ದಾ? ಅಯ್ಯಯ್ಯೋ, ಎಷ್ಟು ಚೆನ್ನಾಗಿದೆ, ಈ ಸಣ್ಣ ಕಾಲರು, ಈ ಗುಂಡಿ... ಬಟ್ಟೆ ಎಷ್ಟು ಮೆತ್ತಗಿದೆ! ಹಾಕೋಣ, ಹಾಕೋಣ. ಮನೆಗೆ ಹೋದ ಮೇಲೆ ಹಾಕಿ. ಈಗಲೇನಾ? ಬೇಡಮ್ಮಾ, ಹಾಲು ಕುಡಿಯೋವಾಗ ಬಟ್ಟೆ ಬದಲಿಸಬಾರದು... ಕಕ್ಕಿಬಿಡ್ತಾನೆ, ಹೊಸ ಅಂಗಿ ಹಾಳಾಗತ್ತೆ. ಥಂಡಿ ಬೇರೆ. ಮೊದಲು ಇದನ್ನ ಕುಡಿಸಿ ಮುಗಿಸಿ... ಇಲ್ಲ, ಬೇಡ ಅಂತಲ್ಲ. ನಿಮ್ಮ ಆಸೆ ನನಗೆ ಅರ್ಥ ಆಗಲ್ವಾ? ಯಜಮಾನರು ಬರೋ ಹೊತ್ತಿಗೆ ಮಗ ನೀವು ಹೊಲಿದ ಅಂಗಿ ಹಾಕ್ಕೊಂಡಿರಬೇಕು... ಆದ್ರೆ... ನಾನು ಹಾಕ್ತೀನಿ ಕೊಡಿ. ಇತ್ಲಾಗೆ ಕೊಡಿ ಮಗುನ, ನೀವು ಆ ಕಡೆ ತಿರುಗಿ ಬಾಟ್ಲಿ ಬಿಸಿ ಇದೆಯಾ ನೋಡಿ, ಅಷ್ಟರಲ್ಲಿ...

ಸರಿ. ನೀವೇ ಹಾಕಿ.

ಟೋಪಿ ಇರಲಿ, ಟೋಪಿ ತೆಗೀಬೇಡಿ. ನಿಧಾನ... ಕೈ ಮೊದಲು... ಹಾಂ.

ದೊಡ್ಡದಾಯ್ತಾ? ಆಗಲಿ ಬಿಡಿ! ನಾವು ಹೇಳಿದ ತಿಂಗಳ ಲೆಕ್ಕಕ್ಕೆ ಹೊಲಿದ್ರಿ, ನಿಮ್ಮ ತಪ್ಪಲ್ಲ. ಬೆಳೆಯೋ ಮೈ, ದೊಡ್ಡದೇ ಇರಬೇಕು. ನಿಮ್ಮ ಮನೆ ಹಾಲು ಕುಡಿದ್ರೆ ನಾಳೆನೇ ಸರಿಹೋಗತ್ತೆ.

ಯಾಕೆ, ಗುಂಡಿ ಹಾಕಲ್ವಾ? ಹಾಕಿ ಅಮ್ಮಾ, ಥಂಡಿ. ಏನು ನೋಡ್ತಿದ್ದೀರಾ? ಎಲ್ಲ ಕೂಸುಗಳ ಎದೆಯೂ ಹಾಗೇ ಆಡ್ತಿರತ್ತೆ. ಚಿಕ್ಕ ಜೀವ, ಗುಬ್ಬಿ ಎದೆ ಹಾಗೆ ಡಬಡಬ ಅಂತಿರತ್ತೆ. ಆ ಪಕ್ಕೆ ಕೆಳಗೆ ಗುಳಿ ಬೀಳೋದು... ಅದು ಈಗಷ್ಟೇ ಕುಡಿದ ನೋಡಿ, ಉಸಿರು ಜೋರಾಗಿದೆ, ಅದಕ್ಕೆ. ಸಣ್ಣಗಿದ್ದಾನಲ್ಲ, ಎಲುಬು ಕಾಣತ್ತೆ, ಅಷ್ಟೆ.

ಕಿಟಕಿ ಹತ್ರ ಬೇಡ ಅಂದ್ನಲ್ಲಾ! ಅಮ್ಮಾ... ಯಾಕೆ ಎದ್ರಿ? ಗಾಳಿ... ಆ ಟೋಪಿ ಯಾಕೆ ತೆಗೆದ್ರಿ?

ತುಟಿ ಹಾಗೇ ಅವನದು. ಕೆಲವರ ಬಣ್ಣವೇ ಹಾಗಿರತ್ತೆ. ಉಗುರು... ಉಗುರೂ ಹಾಗೇ. ನೇರಳೆ ಹಣ್ಣು ತಿಂದ ಹಾಗೆ ಅಂತ ನಾವೆಲ್ಲ ತಮಾಷೆ ಮಾಡ್ತೀವಿ. ನಗಿ ಅಮ್ಮಾ. ಆಗ ನಕ್ಕಿದ್ರಲ್ಲಾ... ಎದೆಗೆ ಯಾಕೆ ಕಿವಿ ಇಡ್ತೀರಾ? ನೀವೇನು ಡಾಕ್ಟ್ರಾ? ಹೊಲಿಗೆಯೋರಿಗೆ ಅದೆಲ್ಲ ಏನು ಗೊತ್ತಾಗತ್ತೆ... ತಪ್ಪು ತಿಳೀಬೇಡಿ, ಸುಮ್ಮನೆ ಅಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ.

ಏನಾದ್ರೂ ಹೇಳಿ.

ಇಷ್ಟೊತ್ತು ಒಂದೊಂದಕ್ಕೂ ಪ್ರಶ್ನೆ ಕೇಳ್ತಿದ್ರಿ. ನೀರು ಎಷ್ಟು, ಬಿಸಿ ಎಷ್ಟು, ಉಳಿದ ಹಾಲು ಏನು ಮಾಡೋದು... ಹಾಂ, ಉಳಿದದ್ದು ಇಡಬಾರದಮ್ಮಾ, ಚೆಲ್ಲಿಬಿಡಬೇಕು, ಮತ್ತೆ ಬಿಸಿ ಮಾಡಿ ಕೊಡಬಾರದು, ಅದನ್ನ ಹೇಳಿರಲಿಲ್ಲ. ರಾತ್ರಿಗೂ ಅಷ್ಟೇ, ಆಗಾಗಲೇ ಕಲಸಬೇಕು. ಡಬ್ಬಿ ತೆರೆದ ಮೇಲೆ ಒದ್ದೆ ಚಮಚ ಹಾಕಬಾರದು. ಮತ್ತೆ... ಮತ್ತೆ ಏನು ಹೇಳಬೇಕಿತ್ತು ನಾನು...

ಹಾಗೆ ನೋಡಬೇಡಿ ನನ್ನ. ದಮ್ಮಯ್ಯ.

ದೊಡ್ಡಮ್ಮಂಗೆ ಗೊತ್ತಿಲ್ಲ. ಅವರನ್ನ ಏನೂ ಅನ್ನಬೇಡಿ, ಅವರು ದೇವರಂಥೋರು. ನಾನೇ ಇವನನ್ನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು. ನಮ್ಮಲ್ಲಿಗೆ ಬರೋ ಡಾಕ್ಟ್ರು, ಉಸಿರು ಸರಿ ಇಲ್ಲ, ಒಂದು ಸಲ ತೋರಿಸಿ ಬನ್ನಿ ಅಂದಿದ್ರು. ಹೋದ್ವಿ, ತೋರಿಸಿದ್ವಿ. ಅಲ್ಲಿಯ ಡಾಕ್ಟ್ರಮ್ಮ ಬರೆದುಕೊಡ್ತೀನಿ ಕೂತ್ಕೊಳ್ಳಿ ಅಂದ್ರು. ನಾನು ಇವನನ್ನ ಸೆರಗಲ್ಲಿ ಸುತ್ಕೊಂಡು ಎದ್ದು ಬಂದುಬಿಟ್ಟೆ. 'ಏನಂದ್ರು?' ಅಂತ ದೊಡ್ಡಮ್ಮ ಕೇಳಿದ್ರು. 'ಸ್ವಲ್ಪ ನಿಶ್ಶಕ್ತಿ ಅಂತೆ, ಚೆನ್ನಾಗಿ ಕುಡಿಸಿದ್ರೆ ಸರಿಹೋಗತ್ತಂತೆ' ಅಂದೆ. ನುಂಗಿಬಿಟ್ಟೆ, ಡಾಕ್ಟ್ರಮ್ಮ ಹೇಳಿದ್ದಷ್ಟನ್ನೂ ನುಂಗಿಬಿಟ್ಟೆ.

ಯಾಕೆ ಅಂತೀರಾ? ಹೇಳ್ತೀನಿ. ಕೂತ್ಕೊಳ್ಳಿ, ನಿಂತ್ಕೊಂಡು ಮಗುನ ಹಾಗೆ ದೂರ ಹಿಡೀಬೇಡಿ. ಎದೆಗೆ ಒತ್ಕೊಳ್ಳಿ, ಎತ್ತರಕ್ಕಿದ್ರೆ ಉಸಿರಾಟ ಸಲೀಸು ಅವನಿಗೆ.

ಇದಕ್ಕೆ ಮುಂಚೆ ಒಂದು ಹೆಣ್ಣು ಕೂಸಿತ್ತು. ಇವನ ಹಾಗೇ. ನಾಲ್ಕು ಗುಟುಕು, ಬೆವರು, ನಿಲ್ಲೋದು. ಆಗ ನಾನು ಏನೂ ಮುಚ್ಚಿಡಲಿಲ್ಲ. ಎಲ್ಲರಿಗೂ ಹೇಳಿದೆ, ಬಂದ ಬಂದೋರಿಗೆಲ್ಲ ಹೇಳಿದೆ. ಬಂದೋರೆಲ್ಲ ಅವಳ ಕೆನ್ನೆ ಮುಟ್ಟಿ, ಅಯ್ಯೋ ಪಾಪ ಅಂದು, ಪಕ್ಕದ ತೊಟ್ಟಿಲಿಗೆ ಹೋದ್ರು. ತಪ್ಪಂತ ಹೇಗೆ ಹೇಳಲಿ? ಮಕ್ಕಳಿಲ್ಲ ಅಂತ ಅತ್ತು ಅತ್ತು ಬಂದೋರು, ಮತ್ತೆ ಅಳೋಕೆ ಬರ್ತಾರಾ? ಆ ಕೂಸಿನ ಆಪರೇಷನ್ನಿಗೆ ಆಸ್ಪತ್ರೇಲಿ ಸರದಿ ಅಂತ ಹಾಕಿದ್ರು. ಸರದಿ ಬಂತು. ಕೂಸು ಇರಲಿಲ್ಲ. ಅವತ್ತು ಇನ್ನೊಂದು ಕೂಸು ಕಕ್ಕಿ ಚೀರ್ತಿತ್ತು, ನಾನು ಅವಳ ಬಾಟ್ಲಿ ದಿಂಬಿಗೆ ಒರಗಿಸಿ ಆ ಕಡೆ ಓಡಿದೆ. ಬಂದು ನೋಡ್ತೀನಿ... ಬಾಯಲ್ಲಿ ನಿಪ್ಪಲ್ಲು ಹಾಗೇ ಇದೆ. ಕಣ್ಣು ಸೂರು ನೋಡ್ತಾ ಇದೆ. ಉಸಿರುಗಟ್ಟಿ ಅಲ್ಲ, ಎದೆ ನಿಂತು ಹೋಗಿದೆ ಅಂದ್ರು ಡಾಕ್ಟ್ರು. ನೀನೇನೂ ಮಾಡೋ ಹಾಗಿರಲಿಲ್ಲ ಅಜ್ಜಿ ಅಂದ್ರು. ಇರಬಹುದು. ಆದ್ರೆ ಹೋಗೋ ಹೊತ್ತಿಗೆ ಆ ಕೂಸಿನ ಮೇಲೆ ಒಂದು ಮುಖ ಇರಲಿಲ್ಲ ತಾಯೀ. ಅಷ್ಟು ಮಾತ್ರ ನನಗೆ ಗೊತ್ತು.

ಅದಕ್ಕೇ ಇವನ ವಿಷಯದಲ್ಲಿ... ನಿಮ್ಮ ಮಡಿಲಿಗೆ ಕೆಂಡ ಸುರೀತಿದ್ದೀನಿ ಅಂತ ಗೊತ್ತಿತ್ತು. ಗೊತ್ತಿಲ್ಲದೇ ಮಾಡಿದ್ದಲ್ಲ. ಬೆಳಿಗ್ಗೆನೇ ಸ್ವಲ್ಪ ಕುಡಿಸಿದ್ದೆ, ನಿಮ್ಮ ಕೈಗೆ ಬಂದಾಗ ಹಸಿದು ಏದುಸಿರು ಬಿಡದೇ ಇರಲಿ ಅಂತ. ಕೆನ್ನೆ ಉಜ್ಜಿ ಉಜ್ಜಿ ಕೆಂಪು ಮಾಡಿದ್ದೆ.

ಏನು? ಕಣ್ಣು ಏನೋ ಕೇಳ್ತಿದೆ ನಿಮ್ಮದು. ಬಾಯಿಬಿಟ್ಟು ಕೇಳಿ ಅಮ್ಮಾ. ವಾಸಿ ಆಗತ್ತಾ ಅಂತ ತಾನೇ? ಆಗತ್ತೆ! ಯಾಕಾಗಲ್ಲ? ಈಗ ಎಂಥೆಂಥಾ ಆಪರೇಷನ್ನುಗಳಿವೆ. ಎದೆ ತೆರೆದು, ಒಳಗೆ ಹೊಲಿಗೆ ಹಾಕಿ... ನಿಮ್ಮ ಹಾಗೇ, ಸೂಜಿ ದಾರದಲ್ಲೇ... ಹೃದಯದ ತೂತು ಮುಚ್ಚಿಬಿಡ್ತಾರಂತೆ. ಮನೆಯೋರು ಅಂತ ಇದ್ರೆ ಓಡಾಡ್ತಾರೆ, ಡಾಕ್ಟ್ರ ಕಾಲು ಹಿಡೀತಾರೆ. ಎದ್ದು ಓಡಾಡೋ ಹಾಗಾಗ್ತಾನೆ, ಶಾಲೆಗೆ ಹೋಗ್ತಾನೆ, ನಿಮ್ಮ ಅಂಗಡೀಲಿ ಕೂತು ಗುಂಡಿ ಎಣಿಸ್ತಾನೆ. ಡಾಕ್ಟ್ರಮ್ಮನೇ ಹೇಳಿದ್ರು. ಖಂಡಿತ ಆಗತ್ತೆ ಅಂದ್ರು... ಆಗಬಹುದು ಅಂದ್ರು...

ಯಾಕೆ ತಲೆ ತಗ್ಗಿಸಿದ್ರಿ?

ಬೈದುಬಿಡಿ ಒಂದು ಸಲ. ಸುಳ್ಳಿ ಅನ್ನಿ, ಮುದಿ ಪಿಶಾಚಿ ಅನ್ನಿ. ನೀವು ಹೀಗೆ ಸುಮ್ಮನೆ ಅವನ ಬೆರಳು ಸವರ್ತಾ ಕೂತ್ರೆ ನಾನು ಹೇಗೆ...

ಇಲ್ಲ.

ಆಗಲ್ಲಂತೆ. ಹೃದಯ ಒಂದೇ ಅಲ್ಲ, ಶ್ವಾಸಕೋಶಕ್ಕೆ ಹೋಗೋ ನಾಳವೇ ಸರಿಯಾಗಿ ಹುಟ್ಟಿಲ್ಲವಂತೆ. ಕತ್ತರಿ ಹಾಕೋಕೂ ಜಾಗ ಇಲ್ಲ ಅಂದ್ರು. ಆಸ್ಪತ್ರೇಲಿಟ್ಟು ಹಿಂಸೆ ಕೊಡಬೇಡಿ, ಇರೋಷ್ಟು ದಿನ ನೆಮ್ಮದಿಯಾಗಿ ನೋಡ್ಕೊಳ್ಳಿ ಅಂದ್ರು. ಎಷ್ಟು ದಿನ ಅಂತ ನಾನು ಕೇಳಲಿಲ್ಲ. ಕೇಳದೇ ಎದ್ದು ಬಂದೆ.

ಅವನು ಉಳೀಲಿ ಅಂತ ನಿಮಗೆ ಕೊಡ್ತಿರಲಿಲ್ಲಮ್ಮಾ. ಯಾರದಾದ್ರೂ ಮಗ ಆಗಿ ಹೋಗಲಿ ಅಂತ. ಒಂದು ಮನೇಲಿ, ಒಂದು ಹೆಸರಿಟ್ಟು, ಒಬ್ಬರು ಎತ್ಕೊಂಡಿರೋವಾಗ... ಆಮೇಲೆ ಒಬ್ಬರು ಅಳಲಿ ಅಂತ. ಇಲ್ಲಿ ತೊಟ್ಟಿಲು ತೊಳೆದು ಸಂಜೆಗೇ ಇನ್ನೊಂದು ಕೂಸು ಮಲಗಿಸ್ತೀವಿ. ಅಳೋಕೂ ಪುರುಸೊತ್ತಿಲ್ಲ ನಮಗೆ.

ನಿಮ್ಮ ಅಳು ಕದ್ದು ಇವನಿಗೆ ಕೊಡೋಕೆ ಹೊರಟಿದ್ದೆ. ಅಷ್ಟೇ ನನ್ನ ಮೋಸ.

ಹಾಂ... ಯಜಮಾನರು ಕೂಗ್ತಿದ್ದಾರೆ. ನಿಮ್ಮ ಸಹಿ ಬೇಕಂತೆ. ಎಷ್ಟು ಖುಷಿ ಇದೆ ಆ ದನಿಯಲ್ಲಿ.

ಹೇಳಿಬಿಡಿ ಅವರಿಗೆ. ದೊಡ್ಡಮ್ಮಂಗೂ ಹೇಳಿ. ನನ್ನನ್ನ ಕೆಲಸದಿಂದ ತೆಗೀತಾರೆ, ತೆಗೀಲಿ. ಇವನದು ಮುಗಿಯೋವರೆಗೆ ಇಟ್ಕೊಳ್ಳಿ ಅಂತ ಕಾಲಿಗೆ ಬೀಳ್ತೀನಿ.

ಕೊಡಿ ಇತ್ಲಾಗೆ. ಕೊಡಮ್ಮಾ. ಕೈ ಬಿಡಿಸ್ಕೊಳ್ಳಿ, ಮೆಲ್ಲಗೆ... ಕೂಸು ಬೆರಳು ಹಿಡಿದ್ರೆ ಹಾಗೇ, ಬಿಡಲ್ಲ. ಎಲ್ಲರದೂ ಹಿಡೀತಾನೆ. ನೀವು ಅಂತ ಅಲ್ಲ, ಅದನ್ನ ಮನಸ್ಸಿಗೆ ಹಚ್ಕೋಬೇಡಿ. ಹಾಂ. ಬಂತು. ನಿಮ್ಮ ತಪ್ಪೇನೂ ಇಲ್ಲ ತಾಯೀ. ನಿಮ್ಮ ಜಾಗದಲ್ಲಿ ನಾನಿದ್ರೂ...

ಆಫೀಸ್ ರೂಮು ಎಡಗಡೆ.

ಬಲಗಡೆ ಹೋದ್ರೆ ಗೇಟು... ಗೊತ್ತಾ? ಸರಿ. ಹೊರಗೆ ಬಿಸಿಲಿದೆ, ಸೆರಗು ತಲೆ ಮೇಲೆ ಹೊದ್ಕೊಳ್ಳಿ. ಯಜಮಾನರಿಗೆ ನಾನು ಹೇಳಿ ಕಳಿಸ್ತೀನಿ.

ಮನೆಗೆ ಬಂದೋರಿಗೆ ಹೋಗಿ ಬನ್ನಿ ಅನ್ನಬೇಕು. ಬರೀ 'ಹೋಗಿ' ಅನ್ನಬಾರದು ಅಂತಾರೆ ದೊಡ್ಡೋರು. ಆದ್ರೆ ಬನ್ನಿ ಅಂತ ಯಾವ ಬಾಯಲ್ಲಿ ಅನ್ನಲಿ ನಾನು...

ಹೋಗಿ, ಅಮ್ಮಾ.